ಒಣಗಿಸಿದ ಫಲಗಳ ಬೂಷ್ಟೂ ಅದರ ವಿಷವೂ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯು ಮಲೆನಾಡೂ ಬಯಲುಸೀಮೆಯೂ ಒಂದನ್ನೊಂದು ಸೇರುವ ಎಡೆಯಲ್ಲಿರುವುದು. ಅದರ ಒಂದು ಮಗ್ಗುಲಿಗೆ ಕಾಡೂ ಬೆಟ್ಟವೂ ಭದ್ರಾ ಅಣೆಕಟ್ಟಿನ ವಿಸ್ತಾರವಾದ ಜಲಾಶಯವೂ ಇವೆ. ಪೂರ್ವಕ್ಕೆ ತರೀಕೆರೆಯನ್ನು ದಾಟಿ ಅಜ್ಜಂಪುರ, ಕಡೂರುಗಳ ಕಡೆಗೆ ನಡೆದಂತೆಲ್ಲ ಮಳೆಯು ಕಡಿಮೆಯಾಗಿ ಗಾಳಿಯು ಒಣಗುತ್ತದೆ. ಐವತ್ತು ಅರುವತ್ತು ಕಿಲೋಮೀಟರುಗಳೊಳಗೆ ಹವೆಯು ಇಷ್ಟು ಬದಲಾಗುವ ಈ ಸೀಮೆಯಲ್ಲಿ ಅಡಿಕೆ, ತೆಂಗು, ಮೆಣಸಿನಕಾಯಿ, ಮುಸುಕಿನ ಜೋಳಗಳನ್ನು ಬೆಳೆಯುವ ರೈತರು ಕಣದ ಕೆಲಸದಲ್ಲಿ ಮಾತ್ರ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಮಾಲನ್ನು ಬಿಸಿಲಿಗೆ ಹರಡುವುದು, ಮಳೆ ಬಂದರೆ ಮುಚ್ಚುವುದು, ಮೋಡ ಹರಿದ ಮೇಲೆ ಮತ್ತೆ ಹರಡುವುದು, ಇಷ್ಟೇ. ಕಡೂರಿನ ಬಿಸಿಲಿನಲ್ಲಿ ಸರಿಹೋಗುವ ಈ ಕ್ರಮವು ಲಕ್ಕವಳ್ಳಿಯ ಮೋಡದ ಕೆಳಗೆ ಸರಿಹೋಗುವುದಿಲ್ಲ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಬಿಡದೆ ಹಿಡಿದ ವರ್ಷಗಳಲ್ಲಂತೂ ಕೊಯ್ಲಿನ ಮಾಲು ಹಸಿಯೂ ಅಲ್ಲದೆ ಒಣಗಿದ್ದೂ ಅಲ್ಲದೆ ದಿನಗಟ್ಟಲೆ ಬಿದ್ದಿದ್ದು, ಅದರ ಮೇಲೆ ಬೂಷ್ಟು ಏಳುವುದನ್ನು ನೋಡದ ಮನೆಯೇ ಇಲ್ಲವೆನ್ನಬಹುದು.

ಬೂಷ್ಟು ಬಂದರೇನು, ಒರೆಸಿದರಾಯಿತು ಎಂಬುದು ಸಾಮಾನ್ಯವಾದ ಮಾತು. ಒರೆಸಿದ ಮೇಲೆ ಆ ಮಾಲು ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಕಣದಲ್ಲಿ ಮಾಲನ್ನು ಆರಿಸುವಾಗ ಮೂರು ರಾಶಿಗಳಾಗುತ್ತವೆ. ಬಣ್ಣವೂ ಗಾತ್ರವೂ ಚೆನ್ನಾಗಿರುವುದು ಮಂಡಿಗೆ. ಅದಕ್ಕಿಂತ ಸ್ವಲ್ಪ ಕಳಪೆಯಾದದ್ದು ಊರಿಗೆ ಬರುವ ಸಣ್ಣ ವರ್ತಕನಿಗೆ. ಮೂರನೆಯದು, ಕಪ್ಪುಗಟ್ಟಿದ್ದು, ಹಸುರು ಹಳದಿ ಪುಡಿ ಹಿಡಿದದ್ದು, ಒಡೆದದ್ದು, ಹುಳು ಕೊರೆದದ್ದು, ಯಾರೂ ಕೊಳ್ಳದೆ ಉಳಿದದ್ದು. ಈ ಮೂರನೆಯ ರಾಶಿಯು ತಿಪ್ಪೆಗೆ ಹೋಗುವುದು ಅಪರೂಪ. ಅದರಲ್ಲಿ ಕೊಂಚ ಮನೆಯ ಸಾರಿಗೆ, ಕೊಂಚ ಗಾಣಕ್ಕೆ, ಗಾಣದ ಹಿಂಡಿ ಹಸುವಿಗೆ, ಉಳಿದದ್ದು ಕಣದಲ್ಲಿ ದುಡಿದ ಆಳುಮಕ್ಕಳ ಮಡಿಲಿಗೆ. ವ್ಯರ್ಥಮಾಡಬಾರದೆಂಬ ಹಿರಿಯರ ಸದ್ಬುದ್ಧಿಯೇ ಇದಕ್ಕೆ ಮೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಳ್ಳೆಯ ಮಾಲೆಲ್ಲ ಊರಿನಿಂದ ಹೊರಕ್ಕೂ, ವಿಷವಿರುವ ಮಾಲೆಲ್ಲ ಊರಿನ ಒಳಕ್ಕೂ ಹರಿಯುವಂತೆ ಈ ಸದ್ಬುದ್ಧಿಯು ಕಾಲುವೆ ತೋಡಿಕೊಟ್ಟಿದೆ. ಪ್ರಕೃತ ವಿಷಯದಲ್ಲಿ ಗ್ರಾಮದ ಮುಖಂಡರೂ ಭೂಮಾಲಿಕರೂ ಮೊದಲು ಗಮನಿಸಬೇಕಾದುದು ಇದನ್ನೇ.

ವಿಷವೆಂಬ ಮಾತು ಅತಿಶಯೋಕ್ತಿಯಲ್ಲ. 1960ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೋಳಿ ಸಾಕಣೆಯ ಕ್ಷೇತ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುಬಿದ್ದವು. ಯಾವ ರೋಗಾಣುವೂ ಸಿಕ್ಕದಿದ್ದುದರಿಂದ ಪಶುವೈದ್ಯರು ಅದನ್ನು ಟರ್ಕಿ ಎಕ್ಸ್ ರೋಗವೆಂದು ಕರೆದು ಸುಮ್ಮನಿರಬೇಕಾಯಿತು. ಕಟ್ಟಕಡೆಗೆ ಕಾರಣವು ಸಿಕ್ಕಿದ್ದು ಕೋಳಿಗಳಲ್ಲಿ ಅಲ್ಲ, ಅವುಗಳ ಮೇವಿನಲ್ಲಿ. ಬ್ರೆಜಿಲ್ ದೇಶದಿಂದ ಹಡಗಿನಲ್ಲಿ ಬಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದಿದ್ದಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬುದು ಆ ಬೂಷ್ಟಿನ ಶಾಸ್ತ್ರೀಯ ನಾಮಧೇಯ. ಅದು ಸ್ರವಿಸುವ ವಿಷಕ್ಕೆ ಅದರ ಹೆಸರನ್ನೇ ಮೊಟಕುಮಾಡಿ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಈ ಬೂಷ್ಟು ಯಾವ ಪರದೇಶದಿಂದಲೂ ಬರಬೇಕಾದುದಿಲ್ಲ. ನಮ್ಮ ಹೊಲದ ಮಣ್ಣಿನಲ್ಲಿ, ಕಣದ ಧೂಳಿನಲ್ಲಿ, ಹಳೆಯ ಗೋಣಿಚೀಲದ ನೂಲಿನಲ್ಲಿ ಅದರ ಬೀಜಕಣಗಳು ಸದಾ ಇದ್ದೇ ಇರುವುವು. ಅವು ಮೊಳೆಯಲು ಬೇಕಾದುದು ಸ್ವಲ್ಪ ಸೆಕೆ, ಸ್ವಲ್ಪ ತೇವ. ಸುಮಾರು 25ರಿಂದ 35 ಡಿಗ್ರಿ ಸೆಂಟಿಗ್ರೇಡಿನ ಉಷ್ಣವೂ, ಮಳೆಗಾಲದ ಗಾಳಿಯಲ್ಲಿರುವಷ್ಟು ತೇವವೂ ಕೂಡಿದರೆ ಎರಡು ಮೂರು ದಿವಸಗಳಲ್ಲೇ ಅದು ಹಬ್ಬುತ್ತದೆ. ಮೋಡ ಕವಿದ ಆಶ್ವೀಜ ಕಾರ್ತಿಕಗಳಲ್ಲಿ ತಾಟುಪಾಲಿನ ಕೆಳಗೆ ರಾಶಿ ಹಾಕಿದ ಅರೆಒಣ ಮಾಲಿನ ಒಳಗು ಇದಕ್ಕೆ ಹೇಳಿ ಮಾಡಿಸಿದಂತಿರುವುದು.

ಬೂಷ್ಟುಗಳೆಲ್ಲವೂ ವಿಷಕರವಲ್ಲ. ಇಡ್ಲಿಯ ಹಿಟ್ಟನ್ನು ಹುಳಿಹಿಡಿಸುವ ಸೂಕ್ಷ್ಮಜೀವಿಗಳಂತೆ ಮನುಷ್ಯನಿಗೆ ಉಪಕಾರಿಗಳಾದ ಬೂಷ್ಟುಗಳೂ ಉಂಟು. ತೊಂದರೆಯೇನೆಂದರೆ, ಯಾವುದು ವಿಷದ್ದು ಯಾವುದು ಅಲ್ಲವೆಂಬುದನ್ನು ಕಣ್ಣಿನಿಂದ ನಿಶ್ಚಯಿಸುವುದು ಸಾಧ್ಯವಿಲ್ಲ. ಹಳದಿಯೊಡನೆ ಕೂಡಿದ ಹಸುರು ಪುಡಿಯನ್ನು ಕಂಡರೆ ವಿಶೇಷವಾಗಿ ಸಂದೇಹಿಸಬೇಕು. ಪುಡಿ ಕಾಣಿಸದಿದ್ದರೆ ವಿಷವಿಲ್ಲವೆಂದು ಮಾತ್ರ ತಿಳಿಯಬಾರದು. ಬೂಷ್ಟು ಒಣಗಿ ಸತ್ತುಹೋದರೂ, ಬಟ್ಟೆಯಿಂದ ಒರೆಸಿ ಎಣ್ಣೆ ಸವರಿ ಹೊಳಪು ಕೊಟ್ಟರೂ, ಅದು ಪದಾರ್ಥದೊಳಕ್ಕೆ ಇಳಿಸಿದ ವಿಷವು ಅಲ್ಲಿಯೇ ನಿಲ್ಲುವುದು. ಕುದಿಸಿದರೂ ಹುರಿದರೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ಅದು ಕರಗಿ ಒಡೆಯಬೇಕಾದರೆ ಇನ್ನೂರು ಡಿಗ್ರಿಗೂ ಮೀರಿದ ಉಷ್ಣವು ಬೇಕು, ಅಡಿಗೆಯ ಮಡಕೆಯಲ್ಲಿ ಅಷ್ಟು ಉಷ್ಣವು ಹುಟ್ಟುವುದಿಲ್ಲ. ಸಾರಿನಲ್ಲಿ ಚೆನ್ನಾಗಿ ಕುದಿಯಿತು, ಇನ್ನು ಭಯವಿಲ್ಲವೆಂದು ಗೃಹಿಣಿಯರು ನಂಬುವುದು ಸಹಜವಾದರೂ ಸರಿಯಲ್ಲ.

ಈ ವಿಷವು ದೇಹದಲ್ಲಿ ಹಿಡಿಯುವ ಸ್ಥಾನವು ಪಿತ್ತಜನಕಾಂಗ, ಅಂದರೆ ಯಕೃತ್ತು. ರಕ್ತದೊಡನೆ ಬಂದ ವಿಷವನ್ನು ಹೊರಗೆ ತಳ್ಳುವ ಪ್ರಯತ್ನದಲ್ಲಿ ಯಕೃತ್ತೇ ಅದನ್ನು ಇನ್ನೂ ತೀಕ್ಷ್ಣವಾದ ವಸ್ತುವಾಗಿ ಮಾರ್ಪಡಿಸಿಬಿಡುತ್ತದೆ. ಆ ವಸ್ತುವು ಜೀವಕೋಶದ ಮೂಲದ್ರವ್ಯಕ್ಕೇ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಒಮ್ಮೆಗೆ ಹೆಚ್ಚಾಗಿ ಹೊಟ್ಟೆಗೆ ಹೋದರೆ ಕಾಮಾಲೆ, ಹೊಟ್ಟೆ ಉಬ್ಬರ, ಜಲೋದರ, ಮರಣ. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಹೋದರೆ ಯಕೃತ್ತಿನ ಅರ್ಬುದ, ಅಂದರೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫ್ಲಟಾಕ್ಸಿನನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ನಿಶ್ಚಿತವಾಗಿ ತಿಳಿದಿರುವ ಪದಾರ್ಥಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಹೆಪಟೈಟಿಸ್ ಬಿ ಎಂಬ ಸಾಂಕ್ರಾಮಿಕ ಕಾಮಾಲೆಯ ರೋಗಾಣುವು ದೇಹದಲ್ಲಿ ನೆಲೆಸಿರುವವರಿಗೆ ಈ ಅಪಾಯವು ಹಲವು ಮಡಿ ಹೆಚ್ಚಾಗುವುದು. ಆ ರೋಗಕ್ಕೆ ಶಿಶುಗಳಿಗೆ ಸರ್ಕಾರದಿಂದ ಉಚಿತವಾಗಿ ಲಸಿಕೆ ಹಾಕುವ ಏರ್ಪಾಡಿರುವುದನ್ನು ಹಳ್ಳಿಯ ಯಜಮಾನರು ತಮ್ಮ ಕೇರಿಗಳಲ್ಲಿ ನೆನಪಿಸಿದರೆ ಅದೂ ಈ ವಿಷಯದ ಚಿಕಿತ್ಸೆಯ ಒಂದು ಭಾಗವೇ ಆದೀತು.

ಇವೆಲ್ಲ ಸೀಮೆಯಾಚೆಯ ಮಾತೆಂದು ಯಾರಾದರೂ ತಿಳಿದರೆ, ಅವರು 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ನಡೆದುದನ್ನು ಕೇಳಬೇಕು. ಆ ವರ್ಷ ಮುಸುಕಿನ ಜೋಳವು ತೆನೆಗಟ್ಟಿದ ಮೇಲೆ ಅಕಾಲದಲ್ಲಿ ಮಳೆ ಬಿದ್ದಿತು. ತೆನೆಗಳು ಚೆನ್ನಾಗಿ ಒಣಗಲಿಲ್ಲ. ಅಲ್ಲಿನ ಬಡ ಆದಿವಾಸಿ ಕುಟುಂಬಗಳು ಅದನ್ನೇ ಮನೆಯಲ್ಲಿ ತುಂಬಿಕೊಂಡು, ಬೂಷ್ಟು ಹಿಡಿದಿದ್ದರೂ ಬೇರೆ ಕಾಳಿಲ್ಲದೆ ಅದನ್ನೇ ಉಂಡವು. ಕೆಲವು ವಾರಗಳಲ್ಲಿ ನೂರಾರು ಜನರಿಗೆ ಕಾಮಾಲೆ ಹಿಡಿದು ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ವೈದ್ಯರು ಪರೀಕ್ಷಿಸಿ ಲೆಕ್ಕವಿಟ್ಟ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಇದು ಅಂಟುರೋಗವಲ್ಲವೆಂಬುದಕ್ಕೆ ಒಂದು ವಿಲಕ್ಷಣವಾದ ಸಾಕ್ಷ್ಯವೂ ದೊರೆಯಿತು: ಆ ಮನೆಗಳ ಎಂಜಲನ್ನು ತಿಂದ ನಾಯಿಗಳಿಗೂ ಅದೇ ಕಾಮಾಲೆ, ಅದೇ ಜಲೋದರ, ಅದೇ ಸಾವು. ಅದೇ ಊರುಗಳಲ್ಲಿ ಒಳ್ಳೆಯ ಧಾನ್ಯವನ್ನು ಕೊಂಡು ತಿನ್ನಬಲ್ಲವರಿಗೆ ಏನೂ ಆಗಲಿಲ್ಲ. 2004ರಲ್ಲಿ ಪೂರ್ವ ಆಫ್ರಿಕದ ಕೆನ್ಯಾ ದೇಶದಲ್ಲಿಯೂ ಇದೇ ಕಥೆ, ಇದೇ ಮುಸುಕಿನ ಜೋಳ. 125 ಮಂದಿ ಸತ್ತರು. ನಮ್ಮ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ 1995ರಲ್ಲಿ ಮಳೆಗೆ ನೆನೆದ ಜೋಳವನ್ನೂ ಮುಸುಕಿನ ಜೋಳವನ್ನೂ ತಿಂದವರಿಗೆ ಹೊಟ್ಟೆನೋವು, ಗುಡುಗುಡು ಶಬ್ದ, ಭೇದಿ ಉಂಟಾದವು. ಅಲ್ಲಿದ್ದುದು ಫ್ಯುಮೋನಿಸಿನ್ ಎಂಬ ಬೇರೊಂದು ಬೂಷ್ಟಿನ ವಿಷ. ಆ ಧಾನ್ಯವನ್ನು ಬಿಟ್ಟೊಡನೆ ಜನರು ಚೇತರಿಸಿಕೊಂಡರು. ಅಲ್ಲಿಯೂ ರೋಗ ಹುಟ್ಟಿದ್ದು ಕೆಟ್ಟ ಕಾಳನ್ನು ತಿಂದ ಮನೆಗಳಲ್ಲಿ ಮಾತ್ರ.

ನಮ್ಮ ಅಜ್ಜಂದಿರು ಇದನ್ನೆಲ್ಲ ತಿಂದೇ ತೊಂಬತ್ತು ವರ್ಷ ಬದುಕಿದರಲ್ಲವೆ ಎಂದು ಕೇಳುವವರುಂಟು. ಬದುಕಿದವರನ್ನು ನಾವು ನೆನೆಯುತ್ತೇವೆ. ಕಾಮಾಲೆಯೆಂದೂ ಗ್ರಹಚಾರವೆಂದೂ ಸತ್ತವರ ಲೆಕ್ಕವನ್ನು ಇಟ್ಟವರಾರು? ಅದಲ್ಲದೆ ಅಜ್ಜಂದಿರ ಬೆಳೆಯೂ ಬೇರೆ. ಅವರ ಮುಖ್ಯ ಆಹಾರವಾದ ರಾಗಿಯು ಕಾಳಿನಲ್ಲಿ ಸಣ್ಣದಾದರೂ ಕೆಡದಿರುವುದರಲ್ಲಿ ದೊಡ್ಡದು. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹಾಳಾಗುವುದಿಲ್ಲ. ಎಣ್ಣೆಯ ಅಂಶವಿರುವ ಕೊಬ್ಬರಿ, ಕಡಲೆಕಾಯಿಗಳೂ, ಗಾತ್ರದಲ್ಲಿ ದಪ್ಪನಾಗಿದ್ದು ಮಳೆಯ ನಡುವೆಯೇ ಮುರಿಯಬೇಕಾದ ಮುಸುಕಿನ ಜೋಳವೂ ಹಾಗಲ್ಲ. ರಾಗಿಗೆ ಸಲ್ಲುವ ಉದಾಸೀನವನ್ನು ಇವುಗಳಿಗೆ ತೋರಿಸಿದರೆ ಫಲವು ಬೇರೆಯಾಗುವುದು. ಅಜ್ಜಂದಿರ ಕಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಚೀಲವಾಗಲಿ ತಾಟುಪಾಲಾಗಲಿ ಇರಲಿಲ್ಲವೆಂಬುದನ್ನೂ ಮರೆಯಬಾರದು.

ಇನ್ನು ಒಂದೊಂದು ಮಾಲಿನ ವಿಚಾರ. ಮೊದಲು ಕೊಬ್ಬರಿಯನ್ನೇ ತೆಗೆದುಕೊಳ್ಳಬಹುದು. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರುಗಳ ಉದ್ದಕ್ಕೂ ಉಂಡೆ ಕೊಬ್ಬರಿಯ ಪದ್ಧತಿಯು ಬಹು ಹಿಂದಿನಿಂದ ನಡೆದುಬಂದಿದೆ. ಬಲಿತ ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷದವರೆಗೂ ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟು ಕುಲುಕಿದರೆ ಸದ್ದುಮಾಡುವಂತಾದ ಮೇಲೆ ಒಡೆಯುವುದು ಈ ಪದ್ಧತಿ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಜಾಣತನದ ಕ್ರಮವನ್ನು ಕಾಣುವುದು ಕಷ್ಟ. ಚಿಪ್ಪೇ ಒಂದು ಮೊಹರು ಹಾಕಿದ ಡಬ್ಬಿಯಾಗಿ ಕೆಲಸಮಾಡುವುದರಿಂದ ಬೂಷ್ಟಿನ ಕಣವು ತಿರುಳಿಗೆ ತಾಗುವುದೇ ಇಲ್ಲ. ಎರಡು ಕಡೆ ಮಾತ್ರ ಇದು ತಪ್ಪುತ್ತದೆ. ಎತ್ತರದಿಂದ ಬಿದ್ದು ಕೂದಲೆಳೆಯಷ್ಟು ಬಿರುಕು ಬಿಟ್ಟ ಕಾಯಿಯನ್ನು ಆರಿಸದೆ ಅಟ್ಟಕ್ಕೆ ಏರಿಸಿದರೆ ಅದು ಒಳಗೇ ಕೊಳೆಯುತ್ತದೆ. ಅಟ್ಟದ ಮೇಲಿನ ಹಂಚು ಸೋರಿದರೆ ನೆನೆದ ಮೂಲೆಯ ಕಾಯಿಗಳೆಲ್ಲ ಕೆಡುತ್ತವೆ.

ಅಪಾಯವು ಹೆಚ್ಚಾಗಿರುವುದು ಹೋಳು ಕೊಬ್ಬರಿಯಲ್ಲಿ. ಹಸಿಯ ತೆಂಗಿನ ತಿರುಳಿನಲ್ಲಿ ಸುಮಾರು ಅರ್ಧಪಾಲು ನೀರೇ ಇರುವುದು. ಅದನ್ನು ನೂರಕ್ಕೆ 6 ಪಾಲಿಗೆ ಇಳಿಸಿದರೆ ಮಾತ್ರ ಕೊಬ್ಬರಿಯು ಕೆಡದೆ ನಿಲ್ಲುತ್ತದೆ. ಕಾಯಿಯನ್ನು ಒಡೆದ ಮೊದಲನೆಯ ಎರಡನೆಯ ದಿವಸಗಳಲ್ಲಿಯೇ ಎಲ್ಲವೂ ನಿಶ್ಚಯವಾಗುವುದು. ಆ ಎರಡು ದಿವಸ ಬಿಸಿಲು ಕೈಕೊಟ್ಟರೆ ಮೂರನೆಯ ದಿವಸದ ಬಿಸಿಲಿನಿಂದ ಬೂಷ್ಟು ಸಾಯಬಹುದಲ್ಲದೆ ಅದು ಬಿಟ್ಟ ವಿಷವು ಹೋಗುವುದಿಲ್ಲ. ಆದಕಾರಣ ಮೋಡದ ದಿವಸ ಕಾಯಿ ಒಡೆಯಬಾರದು; ಒಡೆಯಲೇಬೇಕಾದರೆ ಬೆಂಕಿಯ ಶಾಖದಿಂದ ಒಣಗಿಸುವ ಏರ್ಪಾಡು ಇರಬೇಕು. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಕರಟವನ್ನೇ ಸೌದೆಯಾಗಿ ಉರಿಸುವ ಒಣಗುಗೂಡುಗಳನ್ನು ರೂಪಿಸಿದ್ದಾರೆ. ಇವುಗಳಲ್ಲಿ ಹೊಗೆಯು ಕೊಬ್ಬರಿಗೆ ತಾಗುವುದಿಲ್ಲ. ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ. ಹತ್ತು ಮನೆಗಳ ತೆಂಗಿಗೆ ಇಂಥ ಒಂದು ಗೂಡು ಸಾಕು. ಮದುವೆಯ ಚಪ್ಪರಕ್ಕೆ ಸುರಿಯುವ ಹಣದಲ್ಲಿ ಕಾಲುಪಾಲನ್ನು ಇದಕ್ಕೆ ತೆಗೆದಿಟ್ಟರೆ ಗೂಡು ಎದ್ದು ನಿಲ್ಲುವುದಕ್ಕೆ ಏನೂ ಅಡ್ಡಿಯಿಲ್ಲ.

ಅಡಿಕೆಯ ಸಂಗತಿ ಸ್ವಲ್ಪ ಬೇರೆ. ಎಳೆಯ ಅಡಿಕೆಯನ್ನು ಸುಲಿದು ಚೊಗರಿನಲ್ಲಿ ಬೇಯಿಸುವ ಕೆಂಪಡಿಕೆಯ ಕ್ರಮದಲ್ಲಿ ಬೇಯಿಸಿದಾಗ ಮೇಲಿದ್ದ ಬೂಷ್ಟು ಸಾಯುತ್ತದೆ, ನಿಜ. ಆದರೆ ಬೆಂದು ಮೆತ್ತಗಾದ ಅಡಿಕೆಯು ಚಪ್ಪರದ ಮೇಲೆ ಹರಡಿದಾಗ ಹೊಸ ಬೂಷ್ಟಿಗೆ ಹಸಿಯ ಅಡಿಕೆಗಿಂತ ಸುಲಭವಾದ ತುತ್ತಾಗುವುದು. ಮಳೆ ಹಿಡಿದು ನಾಲ್ಕು ದಿವಸ ಚಪ್ಪರದ ಮೇಲೆ ಮುಚ್ಚಿಟ್ಟ ರಾಶಿಯನ್ನು ತೆರೆದಾಗ ಬರುವ ಹುಳಿವಾಸನೆಯು ಲಕ್ಕವಳ್ಳಿಯ ಕಡೆಯ ತೋಟದವರಿಗೆ ಹೊಸದಲ್ಲ. ಅಡಿಕೆಯಲ್ಲಿಯೂ ಅಫ್ಲಟಾಕ್ಸಿನ್ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮರದಡಿ ಬಿದ್ದು ಹುಲ್ಲಿನಲ್ಲಿ ದಿನಗಟ್ಟಲೆ ನೆನೆದ ಗೋಟನ್ನು ಆರಿಸಿ ತಂದು ಒಣಗಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಮೇಲೆ ಹೇಳಿದ ಅಂತಾರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೂಷ್ಟಿನ ಮಾತಿರಲಿ, ಅಡಿಕೆಯನ್ನೇ ಬಾಯಿಯ ಕ್ಯಾನ್ಸರಿಗೆ ಕಾರಣವಾದ ವಸ್ತುಗಳ ಅದೇ ಮೊದಲನೆಯ ವರ್ಗಕ್ಕೆ ಸೇರಿಸಿದೆ. ತೋಟದವರಿಗೆ ಈ ಮಾತು ಹಿತವಾಗದು. ಬಹು ಕುಟುಂಬಗಳ ಅನ್ನವು ಅದೇ ಮರದಲ್ಲಿದೆಯೆಂಬುದೂ ಸುಳ್ಳಲ್ಲ. ಆದರೂ ಅಡಿಕೆಯು ಆರೋಗ್ಯಕ್ಕೆ ಒಳ್ಳೆಯದೆಂದು ವಾದಿಸುತ್ತ, ಜೊತೆಯಲ್ಲೇ ಬೂಷ್ಟು ಹಿಡಿದುದನ್ನು ಬಣ್ಣಕಟ್ಟಿ ಮಾರುವುದು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ.

ಮರದ ಮೇಲಿನ ಕೊಳೆಯನ್ನು ಎದುರಿಸುವುದರಲ್ಲಿ ಈ ಸೀಮೆಯ ತೋಟಗಾರರು ಯಾರಿಗೂ ಕಡಿಮೆಯಲ್ಲ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಗೆ 1908ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಪರಿಶೀಲಿಸಿ 1910ರಲ್ಲಿ ಅದರ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದು ಅಂದಿನಿಂದ ಹಬ್ಬಿ, ಮಳೆಗಾಲಕ್ಕೆ ಮುಂಚೆ ಮದ್ದು ಹೊಡೆಯದ ತೋಟವನ್ನು ಕಾಣುವುದೇ ಅಪೂರ್ವವಾಯಿತು. ಅಂಥ ಜೋರುಮಳೆಯಲ್ಲಿ ಜಾರುವ ಮರವನ್ನು ಏರಿ ಗೊನೆಯನ್ನು ಉಳಿಸಿಕೊಳ್ಳುವ ಜನರು, ಅದೇ ಗೊನೆಯನ್ನು ಇಳಿಸಿದ ಮೇಲೆ ನೆಲದ ಮೇಲೆ ಕೊಳೆಯಲು ಬಿಡುವರೆಂಬುದು ಆಶ್ಚರ್ಯದ ಸಂಗತಿ. ಇದಕ್ಕೆ ಕಾರಣವೂ ಗೂಢವಾದುದಲ್ಲ. ಮರದ ಮೇಲಿನ ಕೊಳೆಯು ಉದುರಿದ ಕಾಯಾಗಿ ಎಣಿಕೆಗೆ ಸಿಕ್ಕುವುದು. ಕಣದ ಕೊಳೆಯ ನಷ್ಟವನ್ನು ಮಾಲಿಕನು ಪೂರ್ತಿಯಾಗಿ ಹೊರುವುದಿಲ್ಲ, ಅದರಲ್ಲಿ ಒಂದು ಪಾಲನ್ನು ಇನ್ನೊಬ್ಬರ ಯಕೃತ್ತು ಹೊರುವುದು.

ಮೆಣಸಿನಕಾಯಿಯು ಈ ಸೀಮೆಯಲ್ಲಿ ಹೆಚ್ಚಾಗಿ ಮನೆಯ ಖರ್ಚಿನ ಬೆಳೆ. ಹೆಚ್ಚು ಬೆಳೆಯುವವರು ಅದನ್ನು ಬ್ಯಾಡಗಿಯ ಕಡೆಗೆ ಸಾಗಿಸುವುದುಂಟು. ಕೆಂಪಾದ ಹಣ್ಣನ್ನು ಕೊಯ್ದು ರಾಶಿ ಹಾಕಿ ಬೆವರಿಸಿ ನೆಲದ ಮೇಲೆ ಹರಡುವ ರೂಢಿಯಲ್ಲಿ ಬಣ್ಣವೇನೋ ಏರುತ್ತದೆ. ರಾಶಿಯು ಎರಡು ದಿವಸಕ್ಕೆ ಮೀರಿದರೆ ಬೂಷ್ಟೂ ಏರುತ್ತದೆ. ತೊಟ್ಟು ಮುರಿದರೆ ಚಟ್ಟೆನ್ನಬೇಕು, ಕುಲುಕಿದರೆ ಬೀಜವು ಸದ್ದುಮಾಡಬೇಕು, ಅಲ್ಲಿಯವರೆಗೆ ಚೀಲಕ್ಕೆ ತುಂಬಬಾರದು. ತೂಕ ಹೆಚ್ಚಲೆಂದು ತುಂಬುವ ಮುನ್ನ ನೀರು ಚಿಮುಕಿಸುವವರೂ ಇದ್ದಾರೆ. ನಾಲ್ಕು ಸೇರು ನೀರಿನ ಬೆಲೆಗೆ ಇಡೀ ಚೀಲಕ್ಕೆ ವಿಷ ಹಾಕುವುದು ಎಂಥ ವ್ಯಾಪಾರವೆಂಬುದನ್ನು ಅವರೇ ಹೇಳಬೇಕು. ಒಳಗೆ ಬೂದುಬಣ್ಣದ ಪುಡಿ ತುಂಬಿದ ಮೆಣಸಿನಕಾಯನ್ನು ಹೊರಗಿನಿಂದ ಗುರುತಿಸುವುದು ಕಷ್ಟ. ಕುಟ್ಟಿ ಪುಡಿಮಾಡಿದ ಮೇಲಂತೂ ಯಾರಿಗೂ ತಿಳಿಯುವುದಿಲ್ಲ. ಮನೆಯ ಕಾರದಪುಡಿಗೆ ಒಡೆದ, ಬಿಳಿಚಿದ ಕಾಯನ್ನೇ ಬಳಸುವ ಮಿತವ್ಯಯವನ್ನು ಇಲ್ಲಿಯೂ ಬಿಡುವುದು ಮೇಲು. ವಿಜಯಪುರದ ಕಡೆ ದ್ರಾಕ್ಷಿಯನ್ನು ಒಣಗಿಸುವವರಿಗೆ ಇದೇ ತೊಂದರೆಯು ಓಕ್ರಟಾಕ್ಸಿನ್ ಎಂಬ ಬೇರೆ ವಿಷದ ರೂಪದಲ್ಲಿ ಬರಬಹುದು; ಅದು ಹಿಡಿಯುವುದು ಮೂತ್ರಪಿಂಡವನ್ನು. ಒಡೆದ ಹಣ್ಣು, ಅಕಾಲದ ಮಳೆ, ನಿಧಾನವಾಗಿ ಒಣಗುವುದು, ಕಾರಣಗಳು ಮಾತ್ರ ಅವೇ.

ಈಗ ದನದ ಕೊಟ್ಟಿಗೆಗೆ ಬರಬೇಕು. ಅಮೃತಮಹಲ್ ತಳಿಯ ರಾಸುಗಳಿಗಾಗಿ 1929ರಲ್ಲಿ ಸ್ಥಾಪನೆಯಾದ ತಳಿಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿರುವುದು ಈ ಸೀಮೆಯವರಿಗೆ ಹೆಮ್ಮೆಯ ವಿಷಯ. ಎತ್ತಿನ ಕೊಂಬು, ಕಾಲು, ನಡಿಗೆಗಳನ್ನು ಇಷ್ಟು ಕೂಲಂಕಷವಾಗಿ ಪರೀಕ್ಷಿಸುವ ಜನರು ಅದರ ಬಾನಿಗೆ ಹಾಕುವ ಹಿಂಡಿಯನ್ನು ಮೂಸಿಯೂ ನೋಡುವುದಿಲ್ಲ. ಬೂಷ್ಟು ಹಿಡಿದ ಕೊಬ್ಬರಿಯನ್ನು ಗಾಣಕ್ಕೆ ಹಾಕಿದಾಗ ವಿಷದ ಹೆಚ್ಚಿನ ಭಾಗವು ಹಿಂಡಿಯಲ್ಲಿಯೇ ನಿಲ್ಲುತ್ತದೆ. ಆ ಹಿಂಡಿಯನ್ನು ತಿಂದ ಹಸುವು ಒಡನೆ ಸಾಯುವುದಿಲ್ಲ. ಮೇವು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ತಡವಾಗುತ್ತದೆ, ಕರುವು ಸೊರಗುತ್ತದೆ. ಇವುಗಳಿಗೆಲ್ಲ ದೃಷ್ಟಿದೋಷದಿಂದ ಹಿಡಿದು ಬೇರೆ ಬೇರೆ ಕಾರಣಗಳನ್ನು ಹೇಳಿಕೊಳ್ಳುವುದು ವಾಡಿಕೆ. ಅದಕ್ಕಿಂತ ಮುಖ್ಯವಾದುದೆಂದರೆ, ತಿಂದ ವಿಷದಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಅದಕ್ಕೂ ಹೆಚ್ಚು, ಸ್ವಲ್ಪ ರೂಪವನ್ನು ಬದಲಾಯಿಸಿಕೊಂಡು ಒಂದೇ ದಿವಸದೊಳಗೆ ಹಾಲಿಗೆ ಇಳಿಯುವುದು. ಕಾಯಿಸಿದರೂ ಹೆಪ್ಪುಹಾಕಿದರೂ ಅದು ಹೋಗುವುದಿಲ್ಲ. ಹೀಗೆ ಯಜಮಾನನು ಮನೆಯಿಂದ ಹೊರಗೆ ಹಾಕಿದೆನೆಂದುಕೊಂಡ ವಿಷವು ಕೊಟ್ಟಿಗೆಯ ದಾರಿಯಾಗಿ ಅವನ ಮೊಮ್ಮಗನ ಲೋಟಕ್ಕೆ ಬಂದು ಸೇರುವುದು. ಸಮಾಧಾನದ ಸಂಗತಿಯೆಂದರೆ ಕೆಟ್ಟ ಹಿಂಡಿಯನ್ನು ನಿಲ್ಲಿಸಿದ ಕೆಲವೇ ದಿವಸಗಳಲ್ಲಿ ಹಾಲು ಶುದ್ಧವಾಗುತ್ತದೆ.

ಗಾಣದ ಎಣ್ಣೆಯೂ ಪೂರ್ತಿ ನಿರಪಾಯವಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಕ್ಷಾರ ಹಾಕಿ ಶುದ್ಧಿಮಾಡುವಾಗ ವಿಷವು ಹೋಗಿಬಿಡುವುದು. ಊರಿನ ಗಾಣದ ಎಣ್ಣೆಯಲ್ಲಿ ಸ್ವಲ್ಪ ಉಳಿಯುವುದು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು, ಗಾಣದ ಕಡಲೆಕಾಯಿ ಎಣ್ಣೆಯನ್ನು ಗಾಜಿನ ಪಾತ್ರೆಯಲ್ಲಿ ಪ್ರಖರವಾದ ಬಿಸಿಲಿಗಿಟ್ಟರೆ ಅದರಲ್ಲಿನ ಅಫ್ಲಟಾಕ್ಸಿನ್ ನಾಶವಾಗುವುದೆಂದು ತೋರಿಸಿದರು. ಇದು ಮನೆಯಲ್ಲಿಯೇ ಮಾಡಬಹುದಾದ ಉಪಾಯ. ಆದರೆ ಎಣ್ಣೆಯಲ್ಲಿ ಬೆಳಕು ತೂರಿಹೋಗುವುದರಿಂದ ಅಲ್ಲಿ ಸಾಧ್ಯವಾದುದು ಗಟ್ಟಿಯಾದ ಕೊಬ್ಬರಿಯಲ್ಲಿ ಸಾಧ್ಯವಾಗದು. ಬೂಷ್ಟು ಹಿಡಿದ ಹೋಳನ್ನು ಎಷ್ಟು ಬಿಸಿಲಿಗೆ ಒಣಗಿಸಿದರೂ ಒಳಗಿನ ವಿಷಕ್ಕೆ ಬೆಳಕು ತಾಗುವುದಿಲ್ಲ.

ಮಾರಾಟದ ಮಾಲಿಗೆ ಸರ್ಕಾರದ ಕಟ್ಟಳೆ ಇದೆ. ಭಾರತದ ಆಹಾರ ಸುರಕ್ಷತಾ ನಿಯಮಗಳಂತೆ ಒಂದು ಕಿಲೋಗ್ರಾಂ ಧಾನ್ಯದಲ್ಲಿ ಅಫ್ಲಟಾಕ್ಸಿನ್ 15 ಮೈಕ್ರೋಗ್ರಾಮನ್ನೂ, ಸಂಬಾರ ಪದಾರ್ಥಗಳಲ್ಲಿ 30ನ್ನೂ, ಹಾಲಿನಲ್ಲಿ ಅದರ ಮಾರ್ಪಟ್ಟ ರೂಪವು 0.5ನ್ನೂ ಮೀರಕೂಡದು. ಈ ಪ್ರಮಾಣವು ಎಷ್ಟು ಸೂಕ್ಷ್ಮವೆಂದರೆ, ಹತ್ತು ಹತ್ತು ಟನ್ನಿನ ನೂರು ಲಾರಿಗಳ ಧಾನ್ಯದಲ್ಲಿ ಒಟ್ಟು 15 ಗ್ರಾಂ, ಒಂದು ದೊಡ್ಡ ಚಮಚದ ಉಪ್ಪಿನಷ್ಟು ವಿಷವಿದ್ದರೆ ಅದು ಮಿತಿಯ ಅಂಚು. ಹೊರದೇಶಕ್ಕೆ ಹೋಗುವ ನಮ್ಮ ಮೆಣಸಿನಕಾಯನ್ನು ಯೂರೋಪಿನ ಬಂದರುಗಳಲ್ಲಿ ಪರೀಕ್ಷಿಸಿ, ಮಿತಿ ಮೀರಿದುದನ್ನು ಹಿಂದಕ್ಕೆ ಕಳುಹಿಸಿದ ಸಂದರ್ಭಗಳುಂಟು. ಹೀಗೆ ಪರದೇಶದವನ ಬಾಯಿಗೆ ಕಾವಲಿದೆ, ಪಟ್ಟಣದವನ ಬಾಯಿಗೆ ಸ್ವಲ್ಪ ಮಟ್ಟಿಗೆ ಕಾವಲಿದೆ. ಕಣದಿಂದ ನೇರವಾಗಿ ಅಡಿಗೆಮನೆಗೆ ಹೋಗುವ ಪದಾರ್ಥಕ್ಕೆ ಯಾವ ಇನ್ಸ್‌ಪೆಕ್ಟರೂ ಇಲ್ಲ, ಇರಲೂ ಸಾಧ್ಯವಿಲ್ಲ. ಅಲ್ಲಿ ಇರಬಹುದಾದ ಕಾವಲು ಯಜಮಾನನದು ಮಾತ್ರ. ಇಲಾಖೆಯ ಕಡೆಯ ಕೊರತೆಯನ್ನೂ ಹೇಳಬೇಕು: ರೈತನು ತನ್ನ ಒಂದು ಹಿಡಿ ಮಾಲನ್ನು ಕೊಟ್ಟು ಅದರಲ್ಲಿ ವಿಷವಿದೆಯೇ ಇಲ್ಲವೇ ಎಂದು ತಿಳಿದುಕೊಳ್ಳುವ ಅನುಕೂಲವು ಹೋಬಳಿಯ ಮಟ್ಟದಲ್ಲಿ ದೊರೆಯುವಂತಾದರೆ ಇಂಥ ಲೇಖನಗಳಿಗಿಂತ ಹತ್ತರಷ್ಟು ಉಪಯೋಗವಾದೀತು.

ಅಷ್ಟರೊಳಗೆ ಮಾಡಬಹುದಾದುದು ಕಡಿಮೆಯೇನಲ್ಲ. ತೇವವನ್ನು ಅಳೆಯುವ ಯಂತ್ರವೊಂದನ್ನು ಗ್ರಾಮ ಪಂಚಾಯಿತಿಯಲ್ಲಿ ಇಟ್ಟರೆ ಊರಿಗೆಲ್ಲ ಒದಗುವುದು. ಅದೂ ಇಲ್ಲದ ಕಡೆ ಮುಸುಕಿನ ಜೋಳಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯೊಂದರಲ್ಲಿ ಮೂರು ನಾಲ್ಕು ಚಮಚ ಒಣ ಪುಡಿ ಉಪ್ಪನ್ನೂ ಸೀಸೆಯ ಕಾಲು ಭಾಗದಷ್ಟು ಕಾಳನ್ನೂ ಹಾಕಿ ಮುಚ್ಚಳ ಬಿಗಿದು ಕೊಂಚ ಹೊತ್ತು ಕುಲುಕಿ ನಿಲ್ಲಿಸಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ಕಾಳಿನಲ್ಲಿ ನೂರಕ್ಕೆ 15 ಪಾಲಿಗಿಂತ ಹೆಚ್ಚು ತೇವವಿದೆಯೆಂದು ತಿಳಿದು ಮತ್ತೆ ಒಣಗಿಸಬೇಕು; ಅಂಟದಿದ್ದರೂ ಬಹುಕಾಲ ಇಡುವ ಕಾಳನ್ನು ಇನ್ನೊಂದೆರಡು ಬಿಸಿಲು ಕಾಯಿಸುವುದು ಕ್ಷೇಮ. ಕಣಕ್ಕೆ ಸಿಮೆಂಟಿನ ನೆಲ, ಅದಕ್ಕೆ ಒಂದು ಕಡೆ ಇಳಿಜಾರು, ಮೇಲೆ ಗಾಳಿಯಾಡುವಂತೆ ಎತ್ತರವಾದ ಮಾಡು, ಇಷ್ಟಿದ್ದರೆ ಅರ್ಧ ಕೆಲಸವಾದಂತೆ. ತಾಟುಪಾಲನ್ನು ಮಾಲಿನ ಮೈಗೆ ತಾಗುವಂತೆ ಹೊದಿಸದೆ ಗಳುಗಳ ಮೇಲೆ ಡೇರೆಯಂತೆ ಎತ್ತಿ ಕಟ್ಟಬೇಕು. ಹೊದಿಸಿದರೆ ಒಳಗೆ ಬೆವರುತ್ತದೆ. ಊರಿನ ಡಾಂಬರು ರಸ್ತೆಯನ್ನೇ ಕಣವೆಂದು ತಿಳಿಯುವ ಪದ್ಧತಿಯು ವಾಹನದವರಿಗೂ ಕಾಳಿಗೂ ಒಳ್ಳೆಯದಲ್ಲ. ಒಂದೊಂದು ಊರಿಗೆ ಒಂದೊಂದು ಸಾಮಾನ್ಯ ಕಣವನ್ನು ಮಾಡಿಸಲು ಗ್ರಾಮದ ಮುಖಂಡರು ಮುಂದಾಗಬೇಕು. ದೊಡ್ಡ ಹಿಡುವಳಿದಾರರಿಗೆ ಸ್ವಂತ ಕಣವಿರುತ್ತದೆ. ಎರಡು ಎಕರೆಯವನಿಗೆ ಇರುವುದಿಲ್ಲ. ಮಳೆ ಬಂದಾಗ ಮೊದಲು ನೆನೆಯುವುದು ಅವನ ಮಾಲು.

ಕೂಲಿಯ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಕೆಟ್ಟ ಕೊಬ್ಬರಿಯನ್ನೋ ಕಪ್ಪಾದ ಜೋಳವನ್ನೋ ಆಳುಗಳಿಗೆ ಕೊಡುವ ಮಾಲಿಕನು ತಾನು ಉದಾರಿಯೆಂದೇ ತಿಳಿದಿರುತ್ತಾನೆ; ಪಡೆಯುವವರೂ ಹಾಗೆಯೇ ತಿಳಿದು ಕೈಯೊಡ್ಡುತ್ತಾರೆ. ಬೇಡವೆನ್ನಲು ಅವರಿಗೆ ಧೈರ್ಯವೂ ಇಲ್ಲ, ಅನುಕೂಲವೂ ಇಲ್ಲ. ಪಂಚಮಹಲಿನಲ್ಲಿ ಸತ್ತವರು ಬೇರೆ ಕಾಳನ್ನು ಕೊಳ್ಳಲಾರದವರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಕೊಡಬೇಕೆನಿಸಿದರೆ ಮೊದಲನೆಯ ರಾಶಿಯಿಂದ ಒಂದು ಸೇರು ಕೊಡುವುದು ಮೂರನೆಯ ರಾಶಿಯಿಂದ ಒಂದು ಮೂಟೆ ಕೊಡುವುದಕ್ಕಿಂತ ಮೇಲು. ಅದಾಗದಿದ್ದರೆ ಏನನ್ನೂ ಕೊಡದಿರುವುದು ಮೇಲು.

ಹಾಗಾದರೆ ಮೂರನೆಯ ರಾಶಿಯನ್ನು ಏನು ಮಾಡಬೇಕು? ಬೂಷ್ಟು ಹಿಡಿದ ಕೊಬ್ಬರಿಯ ಎಣ್ಣೆಯನ್ನು ದೀಪಕ್ಕೋ ಸಾಬೂನಿಗೋ ಬಳಸಬಹುದು. ಹಿಂಡಿಯನ್ನು ಬಾನಿಗೆ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಬೇಕು. ಕೋಳಿಗಳು ಕೆದಕಿ ತಿನ್ನದಂತೆ ಆಳವಾಗಿ ಮುಚ್ಚುವುದು ಮುಖ್ಯ. ಹಕ್ಕಿಯ ಜಾತಿಗೆ ಈ ವಿಷವು ಎಷ್ಟು ಬೇಗ ತಗಲುವುದೆಂಬುದನ್ನು ಇಂಗ್ಲೆಂಡಿನ ಟರ್ಕಿ ಕೋಳಿಗಳೇ ತೋರಿಸಿಕೊಟ್ಟಿವೆ. ಕೆಟ್ಟ ಕಾಳು, ಮೆಣಸಿನಕಾಯಿಗಳಿಗೂ ಗುಂಡಿಯೇ ದಾರಿ. ಬೂಷ್ಟಿನ ಮಾಲನ್ನು ಆರಿಸುವಾಗ ಏಳುವ ಪುಡಿಯು ಶ್ವಾಸಕೋಶಕ್ಕೂ ಕೆಟ್ಟದ್ದಾದುದರಿಂದ ಆ ಕೆಲಸಕ್ಕೆ ಕೂತವರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು. ಕೆಮ್ಮು ಉಬ್ಬಸವಿರುವವರನ್ನೂ ಮಕ್ಕಳನ್ನೂ ಅಲ್ಲಿ ಕೂರಿಸಬಾರದು. ಆ ಮಾಲು ತುಂಬಿದ್ದ ಗೋಣಿಗಳನ್ನು ಬಿಸಿನೀರಿನಲ್ಲಿ ಅದ್ದಿ ಸುಡುಬಿಸಿಲಿನಲ್ಲಿ ಎರಡು ದಿವಸ ಒಣಗಿಸದೆ ಮುಂದಿನ ಕೊಯ್ಲಿಗೆ ತೆಗೆಯಬಾರದು. ಅಟ್ಟದ ಹಂಚುಗಳನ್ನು ಕೈಯಾಡಿಸಿ ಸೋರುವ ಕಡೆ ಬದಲಾಯಿಸುವ ಕೆಲಸವನ್ನು ಮೃಗಶಿರೆ ಮಳೆಗೆ ಮೊದಲೇ ಮುಗಿಸಿಕೊಂಡರೆ ಅನುಕೂಲ. ಆಮೇಲೆ ಮಾಡು ಹತ್ತುವುದಕ್ಕೆ ಆಳು ಸಿಕ್ಕುವುದಿಲ್ಲ.